ಕೂಸು ಹುಟ್ಟುವ ಮುಂಚೆ ಕುಲಾವಿ: ಬೇರ್ಸ್–ಪ್ಯಾಕರ್ಸ್ ವಾದಕ್ಕೆ ಇಳಿಯುವವರಿಗೊಂದು ಕೈಪಿಡಿ

2024ರ ನವೆಂಬರ್ 17, ಭಾನುವಾರ ಮಧ್ಯಾಹ್ನ. ಅಮೆರಿಕನ್ ಫುಟ್‌ಬಾಲ್ ಆಟ, ಮುಗಿಯಲು ಮೂರೇ ಸೆಕೆಂಡ್. ಗ್ರೀನ್ ಬೇ ಪ್ಯಾಕರ್ಸ್ 20, ನಮ್ಮ ಶಿಕಾಗೊ ಬೇರ್ಸ್ 19. ನಮ್ಮ ಕಿಕ್ಕರ್ ಕೈರೊ ಸಾಂಟೋಸ್ 46 ಯಾರ್ಡ್ ದೂರದಿಂದ ಒದೆಯಲು ನಿಂತಿದ್ದಾನೆ. ಚೆಂಡು ಕಂಬಗಳ ನಡುವೆ ಹೋದರೆ ಮೂರು ಪಾಯಿಂಟ್, ಆರು ವರ್ಷದಿಂದ ಪ್ಯಾಕರ್ಸ್ ಕೈಲಿ ತಿಂದ ಏಟಿಗೆಲ್ಲ ಒಂದೇ ಸಲಕ್ಕೆ ಮುಲಾಮು. ನಾನು ತಡೆಯಲಾರದೆ ಆಫೀಸಿನ ಗ್ರೂಪಿಗೆ "ಫೈನಲಿ!" ಅಂತ ಕಳಿಸಿಬಿಟ್ಟೆ. ಒದೆಯುವ ಮುಂಚೆಯೇ. ಚೆಂಡು ಮೇಲೇಳುತ್ತಿದ್ದ ಹಾಗೆ ಪ್ಯಾಕರ್ಸ್ ಆಟಗಾರನೊಬ್ಬನ ಕೈಗೆ ತಾಗಿ ಅಲ್ಲೇ ಸತ್ತುಬಿತ್ತು.

ಆಮೇಲಿನದು ನಿಮಗೆ ಗೊತ್ತಲ್ವಾ. ಮುಂದಿನ ಒಂದು ತಿಂಗಳು ನಾನು ಮೀಟಿಂಗಿನಲ್ಲಿ "ಈ ಕೆಲಸ ಶುಕ್ರವಾರಕ್ಕೆ ಮುಗಿಯುತ್ತೆ" ಅಂದರೂ ಮೇಜಿನ ಆ ಕಡೆಯಿಂದ ಒಂದೇ ಉತ್ತರ. "ಫೈನಲಿ!" ಆ ಮೇಜಿನ ಆ ಕಡೆ ಕೂರುವವನು ವಿಸ್ಕಾನ್ಸಿನ್‌ನಲ್ಲಿ ಹುಟ್ಟಿ ಬೆಳೆದವನು, ಪ್ಯಾಕರ್ಸ್ ಭಕ್ತ. ನಾನು ಶಿಕಾಗೊ ಪಕ್ಕದ ಊರೊಂದರಲ್ಲಿ ಇಷ್ಟು ವರ್ಷ ಕಳೆದು ಬೇರ್ಸ್ ಕಟ್ಟಿಕೊಂಡವನು. ಸೆಪ್ಟೆಂಬರಿನಿಂದ ಜನವರಿವರೆಗೆ ನಮ್ಮಿಬ್ಬರ ಮಧ್ಯೆ ಊಟದ ಹೊತ್ತಲ್ಲಿ ಬೇರೆ ಮಾತೇ ಇಲ್ಲ.

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರು ಎಷ್ಟೋ ಜನ ಈ ಮಾತು ಶುರುವಾದರೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ಬೆಂಗಳೂರಲ್ಲೇ ಕೂತು ಅಮೆರಿಕದ ಟೀಮಿನ ಜೊತೆ ಕೆಲಸ ಮಾಡುವವರೂ ಅಷ್ಟೇ, ಸೋಮವಾರದ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಮ್ಯೂಟ್. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆ ಪೂರ್ತಿ ಬೇರ್ಸ್–ಪ್ಯಾಕರ್ಸ್‌ದೇ, ಯಾಕೆಂದರೆ ನನಗೆ ಪೆಟ್ಟು ಬಿದ್ದಿರುವುದು ಅಲ್ಲೇ. ನಿಮ್ಮ ಊರು ಫಿಲಡೆಲ್ಫಿಯಾ ಆದರೆ ಈಗಲ್ಸ್–ಕೌಬಾಯ್ಸ್ ಅಂತ, ಪಿಟ್ಸ್‌ಬರ್ಗ್ ಆದರೆ ಸ್ಟೀಲರ್ಸ್–ರೇವನ್ಸ್ ಅಂತ ಓದಿಕೊಳ್ಳಿ.

ಹೆಜ್ಜೆ 1: ಒಂದು ಟೀಮ್ ಹಿಡಿಯಿರಿ, ಬಿಡಬೇಡಿ

ನೀವು ಇರುವ ಊರಿನ ಟೀಮ್ ಹಿಡಿಯಿರಿ. ಗೆಲ್ಲುವ ಟೀಮ್ ನೋಡಿ ಹೋಗಬೇಡಿ. ಕನ್ಸಾಸ್ ಸಿಟಿಯಲ್ಲಿ ಒಂದು ದಿನವೂ ಕಾಲಿಡದೆ ಚೀಫ್ಸ್ ಜೆರ್ಸಿ ಹಾಕಿಕೊಂಡು ಬಂದರೆ ಯಾರೂ ನಿಮ್ಮ ಜೊತೆ ವಾದಕ್ಕೇ ಬರುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ. ವಾದ ಮಾಡುವ ಹಕ್ಕು ಬರುವುದು ಸೋತ ಸೀಸನ್‌ಗಳಿಂದ. ಆರ್‌ಸಿಬಿ ಕಪ್ ಗೆದ್ದಿದ್ದು 2025ರಲ್ಲಿ, 18ನೇ ಸೀಸನ್‌ನಲ್ಲಿ. ಅಲ್ಲಿಯವರೆಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೀಗ್ ಹೇಗಿದೆ ಅನ್ನುವುದನ್ನು ಐದು ನಿಮಿಷದಲ್ಲಿ ಕಲಿಯಬಹುದು. ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನಲ್ಲಿ 32 ಟೀಮ್. ಎರಡು ಕಾನ್ಫರೆನ್ಸ್, ಎಎಫ್‌ಸಿ ಮತ್ತು ಎನ್‌ಎಫ್‌ಸಿ. ಒಂದೊಂದರಲ್ಲೂ ನಾಲ್ಕು ಡಿವಿಜನ್, ಒಂದೊಂದು ಡಿವಿಜನ್‌ನಲ್ಲಿ ನಾಲ್ಕು ಟೀಮ್. 2021ರಿಂದ ಪ್ರತಿ ಟೀಮಿಗೂ 18 ವಾರದಲ್ಲಿ 17 ಆಟ, ಒಂದು ವಾರ ರಜೆ. ಒಂದೇ ಡಿವಿಜನ್‌ನವರು ಸೀಸನ್‌ಗೆ ಎರಡು ಸಲ ಎದುರಾಗುತ್ತಾರೆ, ಒಮ್ಮೆ ನಮ್ಮ ಮನೆಯಲ್ಲಿ, ಒಮ್ಮೆ ಅವರ ಮನೆಯಲ್ಲಿ. ಜಗಳ ಹುಟ್ಟುವುದೇ ಇಲ್ಲಿ. ಬೇರ್ಸ್, ಪ್ಯಾಕರ್ಸ್, ಲಯನ್ಸ್, ವೈಕಿಂಗ್ಸ್ ನಾಲ್ಕೂ ಎನ್‌ಎಫ್‌ಸಿ ನಾರ್ತ್. ಪ್ಲೇಆಫ್‌ಗೆ ಕಾನ್ಫರೆನ್ಸಿಗೆ ಏಳು ಟೀಮ್: ನಾಲ್ಕು ಡಿವಿಜನ್ ಗೆದ್ದವರು, ಉಳಿದವರಲ್ಲಿ ಒಳ್ಳೆಯ ದಾಖಲೆಯ ಮೂವರು, ಅವರಿಗೆ ವೈಲ್ಡ್ ಕಾರ್ಡ್ ಅಂತ ಹೆಸರು.

ಬೆಂಗಳೂರಿನಿಂದ ನೋಡುವವರಿಗೆ ಒಂದು ಮಾತು. ಶಿಕಾಗೊ ಮಧ್ಯಾಹ್ನ 12ರ ಆಟ ನಿಮಗೆ ರಾತ್ರಿ 10:30ಕ್ಕೆ ಬರುತ್ತದೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಅಲ್ಲಿಂದ 11:30. ಭಾನುವಾರ ರಾತ್ರಿಯ ಆಟ ನಿಮಗೆ ಸೋಮವಾರ ಬೆಳಗಿನ ಕಾಫಿ ಹೊತ್ತಿಗೆ. ಪೂರ್ತಿ ನೋಡಲೇಬೇಕು ಅಂತೇನಿಲ್ಲ, ಕೊನೆಯ ಹತ್ತು ನಿಮಿಷ ನೋಡಿದ್ದರೂ ವಾದಕ್ಕೆ ಸಾಕು.

ಹೆಜ್ಜೆ 2: ಎದುರಾಳಿಯ ಗಾಯ ಎಲ್ಲಿದೆ, ನಿಮ್ಮದು ಎಲ್ಲಿದೆ ತಿಳಿದುಕೊಳ್ಳಿ

ಇದೇ ಮುಖ್ಯ ಪಾಠ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಈ ಎರಡು ಟೀಮ್ ಮೊದಲ ಸಲ ಆಡಿದ್ದು 1921ರಲ್ಲಿ. ಆಗ ಬೇರ್ಸ್‌ಗೆ ಬೇರ್ಸ್ ಅನ್ನುವ ಹೆಸರೂ ಇರಲಿಲ್ಲ, ಶಿಕಾಗೊ ಸ್ಟೇಲೀಸ್ ಅಂತಿದ್ದರು. 20–0ಗೆ ಗೆದ್ದರು. ಅಲ್ಲಿಂದ ಇಲ್ಲಿಯವರೆಗೆ 200ಕ್ಕೂ ಜಾಸ್ತಿ ಸಲ ಆಡಿದ್ದಾರೆ, ಎನ್‌ಎಫ್‌ಎಲ್‌ನಲ್ಲಿ ಬೇರೆ ಯಾವ ಜೋಡಿಯೂ ಇಷ್ಟು ಆಡಿಲ್ಲ. ಒಂದು ಊರು ಅಮೆರಿಕದ ದೊಡ್ಡ ನಗರಗಳಲ್ಲಿ ಒಂದು. ಇನ್ನೊಂದು ಗ್ರೀನ್ ಬೇ, ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ, ನಮ್ಮ ಮಂಡ್ಯಕ್ಕಿಂತ ಚಿಕ್ಕದು. ಮಧ್ಯೆ ಇರುವುದು ಸುಮಾರು 200 ಮೈಲಿ ರಸ್ತೆ.

ಪ್ಯಾಕರ್ಸ್ ಅಭಿಮಾನಿ ನಿಮ್ಮ ಮೇಲೆ ಎಸೆಯುವ ಕಲ್ಲುಗಳನ್ನು ಮೊದಲು ನೋಡೋಣ.

ಒಂದು, ಚಾಂಪಿಯನ್‌ಶಿಪ್. ಅವರದು 13, ನಮ್ಮದು 9. ಸೂಪರ್ ಬೌಲ್, ಅಂದರೆ ಈಗಿನ ಲೀಗ್ ಫೈನಲ್, ಅದರ ಲೆಕ್ಕ ಇನ್ನೂ ನೋವು: ಅವರದು ನಾಲ್ಕು, ನಮ್ಮದು ಒಂದೇ. ಅದೂ 1985ರ ಸೀಸನ್‌ದು, 1986ರ ಜನವರಿಯಲ್ಲಿ ಪೇಟ್ರಿಯಟ್ಸ್ ಮೇಲೆ 46–10. ಆ ಟೀಮಿನ ಡಿಫೆನ್ಸ್ ಬಗ್ಗೆ ಇಂದಿಗೂ ಜನ ಮಾತಾಡುತ್ತಾರೆ, ಸೀಸನ್ ಪೂರ್ತಿ ಒಂದೇ ಆಟ ಸೋತಿದ್ದರು, ಎಲ್ಲ ನಿಜ. ಆದರೆ 1985 ಅಂತ ನೀವು ಬಾಯಿ ತೆರೆದ ಕೂಡಲೇ ಅವನು ನಗುತ್ತಾನೆ. ನಮ್ಮಲ್ಲಿ ಗಾದೆಯೇ ಇದೆಯಲ್ಲ, ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡು ಅಂತ. ಈ ಗಾದೆಯನ್ನು ಒಮ್ಮೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಅವನು ಬರೆದಿಟ್ಟುಕೊಂಡು ಈಗ ನನ್ನ ಮೇಲೆಯೇ ಬಿಡುತ್ತಾನೆ. ಕಲಿಸಬಾರದಿತ್ತು.

ಎರಡು, ಕ್ವಾರ್ಟರ್‌ಬ್ಯಾಕ್. ಆಟ ನಡೆಸುವವನು, ಚೆಂಡು ಎಸೆಯುವವನು, ಟೀಮಿನ ಜೀವ. 1992ರಿಂದ 2022ರವರೆಗೆ ಪ್ಯಾಕರ್ಸ್‌ಗೆ ಮುಖ್ಯ ಕ್ವಾರ್ಟರ್‌ಬ್ಯಾಕ್ ಇಬ್ಬರೇ: ಬ್ರೆಟ್ ಫಾರ್ವ್, ಆಮೇಲೆ ಆರನ್ ರಾಡ್ಜರ್ಸ್. ಮೂವತ್ತೊಂದು ಸೀಸನ್, ಇಬ್ಬರು. ಅಷ್ಟೇ ವರ್ಷದಲ್ಲಿ ಬೇರ್ಸ್ ಎಷ್ಟು ಜನರನ್ನು ಆ ಜಾಗದಲ್ಲಿ ನಿಲ್ಲಿಸಿತು ಅಂತ ಎಣಿಸಲು ಕೂತರೆ ಊಟದ ಸಮಯ ಮುಗಿಯುತ್ತದೆ. 2024ರ ಸೀಸನ್ ಮುಗಿಯುವವರೆಗೂ ಒಂದೇ ಸೀಸನ್‌ನಲ್ಲಿ 4,000 ಯಾರ್ಡ್ ಎಸೆದ ಬೇರ್ಸ್ ಕ್ವಾರ್ಟರ್‌ಬ್ಯಾಕ್ ಒಬ್ಬನೂ ಇರಲಿಲ್ಲ. ನೂರು ವರ್ಷ ದಾಟಿದ ಟೀಮಿನಲ್ಲಿ! ಇದರ ಮೇಲೆ ಉಪ್ಪು ಅಂದರೆ 2017ರ ಡ್ರಾಫ್ಟ್, ಟೀಮ್‌ಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ದಿನ. ಮೂರನೇ ಜಾಗದಿಂದ ಎರಡನೇ ಜಾಗಕ್ಕೆ ಏರಲು ಬೇರೆ ಆಯ್ಕೆಗಳನ್ನು ಕೊಟ್ಟು, ಮಿಚೆಲ್ ಟ್ರುಬಿಸ್ಕಿಯನ್ನು ತಂದರು. ಪ್ಯಾಟ್ರಿಕ್ ಮಹೋಮ್ಸ್ ಹತ್ತನೇ ಜಾಗದವರೆಗೆ ಕೂತಿದ್ದ. ಚೀಫ್ಸ್ ಎತ್ತಿಕೊಂಡು ಹೋಗಿ ಮೂರು ಸೂಪರ್ ಬೌಲ್ ಗೆದ್ದರು.

ಮೂರು, ರಾಡ್ಜರ್ಸ್ ಮಾತು. 2021ರ ಅಕ್ಟೋಬರ್ 17, ಸೋಲ್ಜರ್ ಫೀಲ್ಡ್, ನಮ್ಮದೇ ಅಂಗಳ. ಓಡಿ ಹೋಗಿ ಚೆಂಡನ್ನು ಕೊನೆ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ, ತಿರುಗಿ ಬೇರ್ಸ್ ಅಭಿಮಾನಿಗಳ ಕಡೆ ನೋಡಿ "ಐ ಸ್ಟಿಲ್ ಓನ್ ಯೂ" ಅಂತ ಕೂಗಿದ. ಅದಕ್ಕೂ ಮುಂಚೆ ಇನ್ನೊಂದು ಪದವೂ ಇತ್ತು, ಬಿಡಿ. ಇದಕ್ಕೆ ಉತ್ತರ ಹುಡುಕುವುದೇ ಬೇಡ. ಉತ್ತರ ಇಲ್ಲ. ಅವನು ಆಡಿದ ಕಾಲದಲ್ಲಿ ಅದು ನಿಜವಾಗಿತ್ತು.

ನಾಲ್ಕು, ಕಿಕ್. 2019ರ ಜನವರಿ 6ರ ಪ್ಲೇಆಫ್‌ನಲ್ಲಿ ಈಗಲ್ಸ್ ವಿರುದ್ಧ ನಮ್ಮವರ 43 ಯಾರ್ಡ್ ಕಿಕ್ ಎಡಗಡೆ ಕಂಬಕ್ಕೆ ಬಡಿದು, ಅಡ್ಡಪಟ್ಟಿಗೂ ಬಡಿದು ಹೊರಗೆ ಬಿತ್ತು. 16–15. ಅದಕ್ಕೆ "ಡಬಲ್ ಡೊಯಿಂಕ್" ಅಂತ ಹೆಸರೇ ಬಿದ್ದಿದೆ. ಆ ಚೆಂಡಿಗೆ ಎದುರಾಳಿಯ ಬೆರಳು ತಾಗಿತ್ತು ಅನ್ನುವುದನ್ನು ಬೇರ್ಸ್ ಅಭಿಮಾನಿ ಬಿಟ್ಟು ಬೇರೆ ಯಾರೂ ನೆನಪಿಟ್ಟುಕೊಂಡಿಲ್ಲ.

ಇನ್ನು ನಿಮ್ಮ ಕೈಯಲ್ಲಿರುವ ಕಲ್ಲುಗಳು. ಹಾಲ್ ಆಫ್ ಫೇಮ್‌ನಲ್ಲಿ ಅತಿ ಹೆಚ್ಚು ಜನ ಇರುವುದು ಬೇರ್ಸ್‌ನವರೇ, ಇದನ್ನು ಹೇಳಬಹುದು, ಆದರೆ ಇದೂ ತುಪ್ಪದ ಕೈಯೇ. ನಿಜವಾಗಿ ತಾಗುವುದು ಒಂದೇ: ಮೂವತ್ತು ವರ್ಷ ಇಬ್ಬರು ಮಹಾ ಕ್ವಾರ್ಟರ್‌ಬ್ಯಾಕ್‌ಗಳನ್ನು ಇಟ್ಟುಕೊಂಡು ಎಷ್ಟು ಸೂಪರ್ ಬೌಲ್ ಗೆದ್ದಿರಿ? ಎರಡು. ಒಬ್ಬರಿಗೆ ಒಂದೊಂದು. ರಾಡ್ಜರ್ಸ್ 2011ರ ಆರಂಭದಲ್ಲಿ ಗೆದ್ದ, ಆಮೇಲೆ ಎನ್‌ಎಫ್‌ಸಿ ಫೈನಲ್‌ಗೆ ನಾಲ್ಕು ಸಲ ಹೋದ, ನಾಲ್ಕೂ ಸೋತ. 2015ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಕೊನೆ ಕೆಲವು ನಿಮಿಷ ಇರುವಾಗ 19–7 ಮುಂದಿದ್ದರು. ಎದುರಾಳಿಯ ಆನ್‌ಸೈಡ್ ಕಿಕ್, ಅಂದರೆ ಚೆಂಡನ್ನು ತಾವೇ ಮರಳಿ ಹಿಡಿಯಲೆಂದು ಒದೆಯುವ ಗಿಡ್ಡ ಕಿಕ್, ಪ್ಯಾಕರ್ಸ್ ಆಟಗಾರನ ಕೈಗೇ ಬಂದು ಜಾರಿತು, ಆಟವೂ ಜಾರಿತು. ಇದನ್ನು ಕೂಗಿ ಹೇಳಬೇಡಿ. ಮೆಲ್ಲಗೆ "ಸಿಯಾಟಲ್ ಹವಾಮಾನ ಹೇಗಿರುತ್ತೆ ಜನವರಿಯಲ್ಲಿ?" ಅಂತ ಕೇಳಿ, ಸಾಕು. ಅವನ ಮುಖ ನೋಡಿ.

ಹೆಜ್ಜೆ 3: ನಿಮ್ಮ ಗಾಯವನ್ನು ನೀವೇ ಮೊದಲು ತೋರಿಸಿ

ಇಷ್ಟು ವರ್ಷ ವಾದ ಮಾಡಿ ನಾನು ಕಲಿತ ಒಂದೇ ಒಂದು ಯುಕ್ತಿ ಇದು.

ಹೊಸಬರು ಏನು ಮಾಡುತ್ತಾರೆ? ಎಲ್ಲವನ್ನೂ ಸಮರ್ಥಿಸಲು ಹೋಗುತ್ತಾರೆ. ನಾನೂ ಹಾಗೇ ಮಾಡಿದೆ. ನವೆಂಬರ್ 17ರ ಮರುದಿನ ಊಟಕ್ಕೆ ಕೂತು "ಅದು ಸುಮ್ನೆ ಅದೃಷ್ಟ, ಕಿಕ್ ಬ್ಲಾಕ್ ಆಗುವುದೇ ಅಪರೂಪ" ಅಂತ ಶುರು ಮಾಡಿದೆ. ಅವನು ಸ್ಯಾಂಡ್‌ವಿಚ್ ಕೆಳಗಿಟ್ಟು ಕೇಳಿದ: "35 ಸೆಕೆಂಡ್ ಇತ್ತಲ್ಲ, ಟೈಮ್‌ಔಟ್ ಇತ್ತಲ್ಲ, ಇನ್ನೊಂದು ಪ್ಲೇ ಆಡಿ ಹತ್ತಿರ ಹೋಗದೆ ಗಡಿಯಾರ ಓಡಲು ಯಾಕೆ ಬಿಟ್ಟರು?" ನನ್ನ ಬಳಿ ಉತ್ತರ ಇರಲಿಲ್ಲ, ಏಕೆಂದರೆ ಭಾನುವಾರ ಸಂಜೆಯಿಂದ ನಾನೂ ಅದನ್ನೇ ಬೈಯುತ್ತಿದ್ದೆ. ನನ್ನ ಮನಸ್ಸಿನಲ್ಲಿದ್ದ ಮಾತನ್ನು ಅವನ ಬಾಯಲ್ಲಿ ಕೇಳಬೇಕಾಯಿತು.

ಹತ್ತು ದಿನ ಕಳೆಯಿತು. ಥ್ಯಾಂಕ್ಸ್‌ಗಿವಿಂಗ್ ದಿನ ಲಯನ್ಸ್ ವಿರುದ್ಧ 23–20 ಹಿಂದಿದ್ದಾಗ, ಕೊನೆಗೆ ಕೈಯಲ್ಲಿ ಟೈಮ್‌ಔಟ್ ಇದ್ದೂ ಕರೆಯದೆ ಗಡಿಯಾರ ಸೋರಿಹೋಗಲು ಬಿಟ್ಟರು. ಮರುದಿನವೇ ಕೋಚ್ ಮ್ಯಾಟ್ ಎಬರ್‌ಫ್ಲಸ್‌ನನ್ನು ತೆಗೆದುಹಾಕಿದರು. ಈ ಸಲ ರಜೆ ಮುಗಿಸಿ ಬಂದವನೇ ನಾನೇ ಬಾಯಿ ತೆರೆದೆ. "ನೋಡಪ್ಪ, ನಮ್ಮವರಿಗೆ ಗಡಿಯಾರ ನೋಡಲು ಬರುವುದಿಲ್ಲ. ನನ್ನ ಮಗಳು ಎರಡನೇ ಕ್ಲಾಸು, ಅವಳಿಗೆ ಬರುತ್ತೆ." ಅವನು ನಕ್ಕುಬಿಟ್ಟ. ಹೇಳಲು ತಂದಿದ್ದ ಮಾತೆಲ್ಲ ಅವನ ಜೇಬಿನಲ್ಲೇ ಉಳಿಯಿತು. ಆಮೇಲೆ ಅವನೇ ತಮ್ಮ ಕಿಕ್ಕರ್‌ಗಳ ಗೋಳು ಹೇಳಿಕೊಳ್ಳಲು ಶುರು ಮಾಡಿದ.

ಹೀಗೆ ಒಪ್ಪಿಕೊಂಡ ಮೇಲೆ ನೀವು ಹೇಳುವ ಒಳ್ಳೆಯ ಮಾತಿಗೂ ಬೆಲೆ ಬರುತ್ತದೆ. "ಕೋಚ್ ಕೆಟ್ಟವನು, ಆದರೆ ನಮ್ಮ ಕ್ವಾರ್ಟರ್‌ಬ್ಯಾಕ್ ಹುಡುಗ ಕೇಲೆಬ್ ವಿಲಿಯಮ್ಸ್ ಇದ್ದಾನಲ್ಲ, ಅವನು ಬೇರೆ" ಅಂದಾಗ ಆ ಕಡೆಯವನು ಕಿವಿ ಕೊಡುತ್ತಾನೆ.

ಹೆಜ್ಜೆ 4: ಅಂಕಿಗಳನ್ನು ಹುಷಾರಾಗಿ ಬಳಸಿ

ಗೆಲುವು–ಸೋಲಿನ ದಾಖಲೆ ಮೊದಲು ನೋಡುವುದು ಸರಿ, ಅದರಲ್ಲೇ ನಿಲ್ಲಬೇಡಿ. ಪಕ್ಕದಲ್ಲಿ ಪಾಯಿಂಟ್ ವ್ಯತ್ಯಾಸ ನೋಡಿ, ಅಂದರೆ ಸೀಸನ್‌ನಲ್ಲಿ ಹೊಡೆದ ಪಾಯಿಂಟ್‌ನಿಂದ ಬಿಟ್ಟುಕೊಟ್ಟ ಪಾಯಿಂಟ್ ಕಳೆದರೆ ಏನು ಉಳಿಯುತ್ತದೆ ಅಂತ. ಇದಕ್ಕೆ ನಮ್ಮದೇ ಡಿವಿಜನ್‌ನಲ್ಲಿ ಚಿನ್ನದಂಥ ಉದಾಹರಣೆ ಇದೆ. 2022ರಲ್ಲಿ ವೈಕಿಂಗ್ಸ್ 13 ಗೆದ್ದು 4 ಸೋತರು, ಡಿವಿಜನ್ ಗೆದ್ದರು. ಅಭಿಮಾನಿಗಳು ನೆಲದ ಮೇಲೆ ಇರಲಿಲ್ಲ. ಆದರೆ ಪಾಯಿಂಟ್ ವ್ಯತ್ಯಾಸ ನೋಡಿದರೆ ಸೊನ್ನೆಗಿಂತ ಕೆಳಗೆ! ಎಂಟು ಪಾಯಿಂಟ್ ಒಳಗೆ ಮುಗಿದ ಆಟ 11 ಆಡಿದ್ದರು, 11ನ್ನೂ ಗೆದ್ದಿದ್ದರು. ಸೋತಾಗ ಮಾತ್ರ ಚೆನ್ನಾಗಿ ತಿಂದಿದ್ದರು. ನಾವಿಬ್ಬರೂ, ಬೇರ್ಸ್ ಪ್ಯಾಕರ್ಸ್ ಒಂದಾಗಿ, "ಇದು ನಿಲ್ಲುವುದಿಲ್ಲ" ಅಂತ ಹೇಳುತ್ತಲೇ ಇದ್ದೆವು. ಪ್ಲೇಆಫ್ ಮೊದಲ ಆಟದಲ್ಲೇ ಜಯಂಟ್ಸ್ ಕೈಲಿ 31–24 ಸೋತು ಮನೆಗೆ ಹೋದರು.

ಟರ್ನೋವರ್, ಅಂದರೆ ಚೆಂಡು ಎದುರಾಳಿಯ ಕೈ ಸೇರುವುದು, ಅದರ ಲೆಕ್ಕವೂ ಹಾಗೇ. ಕೈಜಾರಿ ಬಿದ್ದ ಚೆಂಡು ಯಾರ ಮಡಿಲಿಗೆ ಹೋಗುತ್ತದೆ ಅನ್ನುವುದರಲ್ಲಿ ಅದೃಷ್ಟದ ಪಾಲು ದೊಡ್ಡದು, ಚೆಂಡಿನ ಆಕಾರವೇ ಹಾಗಿದೆ, ಹೇಗೆ ಪುಟಿಯುತ್ತದೋ ದೇವರಿಗೇ ಗೊತ್ತು. ನಾಲ್ಕು ವಾರದ ಟರ್ನೋವರ್ ಹಿಡಿದುಕೊಂಡು "ನಮ್ಮ ಡಿಫೆನ್ಸ್ ಲೀಗಿನಲ್ಲೇ ಬೆಸ್ಟ್" ಅಂತ ಹೇಳಿದರೆ ಅಕ್ಟೋಬರ್ ಕೊನೆಗೆ ಮಾತು ನುಂಗಬೇಕಾಗುತ್ತದೆ.

ಒಟ್ಟು ಯಾರ್ಡ್ ಲೆಕ್ಕ ಹಿಡಿದು ಬರುವವರನ್ನು ನಂಬಬೇಡಿ. 20 ಪಾಯಿಂಟ್ ಹಿಂದಿರುವ ಟೀಮ್ ಕೊನೆಗೆ ಎಸೆದು ಎಸೆದು ಯಾರ್ಡ್ ಗುಡ್ಡೆ ಹಾಕುತ್ತದೆ, ಎದುರಾಳಿ ಹಾಯಾಗಿ ಬಿಟ್ಟುಕೊಡುತ್ತಾನೆ. ಇಪಿಎ ಅಂತ ಒಂದು ಲೆಕ್ಕ ಬರುತ್ತದೆ, ಒಂದೊಂದು ಪ್ಲೇ ಟೀಮಿನ ಪಾಯಿಂಟ್ ನಿರೀಕ್ಷೆಯನ್ನು ಎಷ್ಟು ಏರಿಸಿತು ಇಳಿಸಿತು ಅಂತ. ಒಳ್ಳೆಯದೇ. ಊಟದ ಮೇಜಿನಲ್ಲಿ ಮಾತ್ರ ಅದನ್ನು ಎತ್ತಬೇಡಿ, ಎಲ್ಲರೂ ಎದ್ದು ಹೋಗುತ್ತಾರೆ.

ಹೆಜ್ಜೆ 5: ಯಾವ ತಿಂಗಳಿಗೆ ಯಾವ ವಾದ

ಸೆಪ್ಟೆಂಬರ್‌ನಲ್ಲಿ ಬಾಯಿ ಬಿಗಿ ಹಿಡಿಯಿರಿ. ಮೊದಲ ಎರಡು ಆಟ ನೋಡಿ ಸೂಪರ್ ಬೌಲ್ ಲೆಕ್ಕ ಹಾಕುವವರನ್ನು ನೋಡಿ ನಕ್ಕುಬಿಡಿ.

ಅಕ್ಟೋಬರ್‌ನಲ್ಲಿ ನಿಜಬಣ್ಣ ಕಾಣಲು ಶುರುವಾಗುತ್ತದೆ. 2024ರಲ್ಲಿ ಬೇರ್ಸ್ 4 ಗೆದ್ದು 2 ಸೋತು ಖುಷಿಯಾಗಿದ್ದರು. ಅಕ್ಟೋಬರ್ 27ಕ್ಕೆ ವಾಷಿಂಗ್ಟನ್‌ನಲ್ಲಿ ಕೊನೆ ಪ್ಲೇ, ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಕಣ್ಣು ಮುಚ್ಚಿ ಎಸೆದ ಹಾಗೆ ಉದ್ದಕ್ಕೆ ಎಸೆದ. ಆ ಪ್ಲೇ ಶುರುವಾಗುವಾಗ ನಮ್ಮ ಡಿಫೆನ್ಸ್ ಆಟಗಾರನೊಬ್ಬ ಪ್ರೇಕ್ಷಕರ ಕಡೆ ತಿರುಗಿ ಕೈ ಬೀಸಿ ಅಣಕಿಸುತ್ತಾ ನಿಂತಿದ್ದ. ಆಮೇಲೆ ಓಡಿ ಬಂದ, ಚೆಂಡಿಗೆ ಕೈ ಹಾಕಿದ, ಅದು ಅವನ ಕೈಗೆ ತಾಗಿ ಹಿಂದೆ ಒಬ್ಬನೇ ನಿಂತಿದ್ದ ಎದುರಾಳಿಯ ಮಡಿಲಿಗೆ ಹೋಗಿ ಕೂತಿತು. 18–15. ಅದೂ ಸೇರಿ ಸತತ ಹತ್ತು ಸೋಲು. ನಾನು ಮೂರು ವಾರ ಆದಮೇಲೆ "ಫೈನಲಿ!" ಕಳಿಸಿದೆನಲ್ಲ, ನೋಡಿ, ಆ ಆಟಗಾರನನ್ನು ಬೈಯುವ ಯೋಗ್ಯತೆ ನನಗಿಲ್ಲ.

ನವೆಂಬರ್ ಮೊದಲ ವಾರಕ್ಕೆ ಟ್ರೇಡ್ ಗಡುವು ಮುಗಿಯುತ್ತದೆ, ಆ ವಾರ ಯಾರನ್ನು ಕೊಂಡರು ಯಾರನ್ನು ಬಿಟ್ಟರು ಅನ್ನುವುದೇ ಮಾತು.

ಡಿಸೆಂಬರ್ ಬಂದರೆ ಟೈಬ್ರೇಕರ್ ಕಲಿಯಿರಿ. ಒಂದೇ ಡಿವಿಜನ್‌ನ ಇಬ್ಬರು ಸಮ ಆದರೆ ಮೊದಲು ಪರಸ್ಪರ ಆಡಿದ ಆಟ, ಆಮೇಲೆ ಡಿವಿಜನ್ ಒಳಗಿನ ದಾಖಲೆ, ಆಮೇಲೆ ಇಬ್ಬರೂ ಎದುರಿಸಿದ ಟೀಮ್‌ಗಳ ವಿರುದ್ಧ ದಾಖಲೆ, ಆಮೇಲೆ ಕಾನ್ಫರೆನ್ಸ್ ದಾಖಲೆ. ಈ ಸಾಲನ್ನು ಬಾಯಿಪಾಠ ಮಾಡಿ. ಡಿಸೆಂಬರ್‌ನಲ್ಲಿ ಇದನ್ನು ನೋಡದೆ ಹೇಳಬಲ್ಲವನಿಗೆ ಆಫೀಸಿನಲ್ಲಿ ಸಿಗುವ ಮರ್ಯಾದೆ ಮ್ಯಾನೇಜರ್‌ಗೂ ಸಿಗುವುದಿಲ್ಲ.

ಹೆಜ್ಜೆ 6: ರೆಫರಿ ಮೋಸ ಅಂತ ಸೀಸನ್‌ಗೆ ಒಂದೇ ಸಲ ಹೇಳಿ

ಪ್ಯಾಕರ್ಸ್‌ನವರಿಗೆ ಸಿಯಾಟಲ್ ಇನ್ನೊಂದು ಗಾಯವನ್ನೂ ಕೊಟ್ಟಿದೆ. 2012ರ ಸೆಪ್ಟೆಂಬರ್ 24. ಖಾಯಂ ರೆಫರಿಗಳ ಜೊತೆ ಲೀಗಿಗೆ ಜಗಳ, ಬದಲಿ ರೆಫರಿಗಳು ಕಣದಲ್ಲಿ. ಕೊನೆ ಎಸೆತಕ್ಕೆ ಇಬ್ಬರು ಕೈ ಹಾಕಿದರು, ಒಬ್ಬ ರೆಫರಿ ಟಚ್‌ಡೌನ್ ಅಂತ ಕೈ ಎತ್ತಿದ, ಪಕ್ಕದವನು ಬೇರೆಯೇ ಸನ್ನೆ ಮಾಡಿದ. ಪ್ಯಾಕರ್ಸ್ 14–12 ಸೋತರು. ಎರಡು ದಿನದಲ್ಲಿ ಖಾಯಂ ರೆಫರಿಗಳ ಜೊತೆ ಲೀಗ್ ರಾಜಿಯಾಯಿತು. ಪ್ಯಾಕರ್ಸ್ ಅಭಿಮಾನಿಗೆ ಇದು ನ್ಯಾಯವಾದ ಕೋಪ, ಒಪ್ಪಿಬಿಡಿ.

ನಾವೂ ಇನ್ನೊಬ್ಬರ ಅನ್ಯಾಯದಲ್ಲಿ ಲಾಭ ಪಡೆದವರೇ. 2010ರ ಸೀಸನ್‌ನ ಮೊದಲ ಆಟ, ಲಯನ್ಸ್‌ನ ಕ್ಯಾಲ್ವಿನ್ ಜಾನ್ಸನ್ ಕೊನೆಗೆ ಗೆಲುವಿನ ಚೆಂಡು ಹಿಡಿದ, ನೆಲಕ್ಕೆ ಬಿದ್ದ, ಏಳುವಾಗ ಚೆಂಡನ್ನು ನೆಲದಲ್ಲೇ ಬಿಟ್ಟ. ಹಿಡಿದದ್ದು ಪೂರ್ತಿಯಾಗಲಿಲ್ಲ ಅಂತ ರೆಫರಿ ಹೇಳಿದರು. ಬೇರ್ಸ್ 19–14 ಗೆದ್ದರು. ನಾನು ಬೇರ್ಸ್ ಅಭಿಮಾನಿ, ಆದರೂ ಹೇಳುತ್ತೇನೆ, ಅದು ಕ್ಯಾಚ್. ಕಣ್ಣಿದ್ದವರಿಗೆಲ್ಲ ಅದು ಕ್ಯಾಚ್.

ಹೆಜ್ಜೆ 7: ಪಂತ ಕಟ್ಟಿ, ಹಣ ಬೇಡ

ಹಣ ಬಂದರೆ ಮಾತಿನ ರುಚಿ ಹೋಗುತ್ತದೆ. ನಾಚಿಕೆ ಪಂತ ಕಟ್ಟಿ. ವಿಸ್ಕಾನ್ಸಿನ್ ಚೀಸಿಗೆ ಹೆಸರಾದ ರಾಜ್ಯ, ಪ್ಯಾಕರ್ಸ್ ಅಭಿಮಾನಿಗಳು ಚೀಸ್ ತುಂಡಿನ ಆಕಾರದ ಹಳದಿ ಸ್ಪಂಜಿನ ಟೋಪಿ ಹಾಕುತ್ತಾರೆ. ಒಂದು ಸಲ ಸೋತು ಸೋಮವಾರದ ವಿಡಿಯೊ ಮೀಟಿಂಗಿಗೆ ಅದನ್ನು ಹಾಕಿಕೊಂಡು ಕೂತೆ. ಐದು ನಿಮಿಷದ ಪಂತ ಅಂತ ಆಗಿತ್ತು. ಆದರೆ ಮೀಟಿಂಗ್ ಶುರುವಾದ ಮೇಲೆ ಕಸ್ಟಮರ್ ಕೂಡ ಸೇರಿಕೊಂಡರು, ಅವರಲ್ಲಿ ಒಬ್ಬಾಕೆ ಪ್ಯಾಕರ್ಸ್ ಅಭಿಮಾನಿ ಅಂತ ಗೊತ್ತಾಯಿತು, "ತೆಗೀಬೇಡಿ ತೆಗೀಬೇಡಿ" ಅಂದರು. ಒಂದು ಗಂಟೆ ಕೂತೆ. ತಲೆ ಬೆವರಿ ನೀರಾಯಿತು. ಪಂತ ಕಟ್ಟುವಾಗ ಎಷ್ಟು ಹೊತ್ತು, ಯಾರ ಮುಂದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ.

ಹೆಜ್ಜೆ 8: ಪೆಟ್ಟು ಬಿದ್ದವನ ಬಗ್ಗೆ ತಮಾಷೆ ಬೇಡ

2011ರ ಜನವರಿ 23. ಬೇರ್ಸ್ ಮತ್ತು ಪ್ಯಾಕರ್ಸ್ ಎನ್‌ಎಫ್‌ಸಿ ಫೈನಲ್‌ನಲ್ಲಿ, ಸೋಲ್ಜರ್ ಫೀಲ್ಡ್‌ನಲ್ಲಿ. 1941ರ ನಂತರ ಪ್ಲೇಆಫ್‌ನಲ್ಲಿ ಇವರಿಬ್ಬರೂ ಎದುರಾಗಿದ್ದು ಅದೇ ಮೊದಲು. ನಮ್ಮ ಕ್ವಾರ್ಟರ್‌ಬ್ಯಾಕ್ ಜೇ ಕಟ್ಲರ್ ಮಂಡಿಗೆ ಪೆಟ್ಟಾಗಿ ಹೊರಗೆ ಕೂತ. ನಾವು 21–14 ಸೋತೆವು. ಆಟ ನಡೆಯುತ್ತಿರುವಾಗಲೇ ಬೇರೆ ಟೀಮಿನ ಆಟಗಾರರು ಟ್ವಿಟರ್‌ನಲ್ಲಿ ಅವನು ನಾಟಕ ಮಾಡುತ್ತಿದ್ದಾನೆ ಅನ್ನುವ ಹಾಗೆ ಬರೆದರು, ನಮ್ಮದೇ ಅಭಿಮಾನಿಗಳು ಅವನ ಜೆರ್ಸಿ ಸುಟ್ಟರು. ಮರುದಿನ ಸ್ಕ್ಯಾನ್‌ನಲ್ಲಿ ಮಂಡಿಯ ಲಿಗಮೆಂಟ್ ಉಳುಕಿದ್ದು ಕಂಡಿತು. ಆ ದಿನದ ಬಗ್ಗೆ ಪ್ಯಾಕರ್ಸ್ ಅಭಿಮಾನಿ ಏನು ಬೇಕಾದರೂ ಹೇಳಲಿ, ನನಗೆ ನಾಚಿಕೆಯಾಗುವುದು ಸೋತಿದ್ದಕ್ಕಲ್ಲ.

ಹೆಜ್ಜೆ 9: ಹಳೆಯ ಸಾಲ ನೆನಪಿಡಿ

ವಾದದ ಕಾವು ಏರಿ ಕೈ ಮೀರುತ್ತಿದೆ ಅನ್ನಿಸಿದರೆ ಈ ಕಥೆ ಎತ್ತಿ. 1956ರಲ್ಲಿ ಗ್ರೀನ್ ಬೇಯಲ್ಲಿ ಹೊಸ ಸ್ಟೇಡಿಯಂ ಕಟ್ಟಲು ಊರಿನವರ ಮತ ಬೇಕಿತ್ತು. ಸ್ಟೇಡಿಯಂ ಇಲ್ಲದಿದ್ದರೆ ಆ ಪುಟ್ಟ ಊರಲ್ಲಿ ಟೀಮ್ ಉಳಿಯುವುದೇ ಅನುಮಾನ. ಆಗ ಅಲ್ಲಿಗೆ ಹೋಗಿ, ಸಭೆಯಲ್ಲಿ ನಿಂತು, ಕಟ್ಟಿ ಅಂತ ಮಾತಾಡಿದವನು ಯಾರು ಗೊತ್ತೇ? ಬೇರ್ಸ್ ಟೀಮ್ ಹುಟ್ಟುಹಾಕಿದ ಜಾರ್ಜ್ ಹಾಲಸ್. ಮತ ಬಿತ್ತು, ಸ್ಟೇಡಿಯಂ ಎದ್ದಿತು. 1957ರಲ್ಲಿ ಅಲ್ಲಿ ಮೊದಲ ಆಟಕ್ಕೆ ಬಂದಿದ್ದೂ ಬೇರ್ಸ್. ಪ್ಯಾಕರ್ಸ್ 21–17 ಗೆದ್ದರು, ಉಪಕಾರಕ್ಕೆ ಪ್ರತಿಫಲ! ಅದೇ ಇವತ್ತಿನ ಲ್ಯಾಂಬೋ ಫೀಲ್ಡ್.

ಪ್ಯಾಕರ್ಸ್ ಟೀಮಿಗೆ ಒಬ್ಬ ಧಣಿ ಇಲ್ಲ, ಐದು ಲಕ್ಷಕ್ಕೂ ಜಾಸ್ತಿ ಜನ ಷೇರುದಾರರು ಇದ್ದಾರೆ. ಆ ಷೇರಿಗೆ ಲಾಭಾಂಶ ಇಲ್ಲ, ಮಾರಾಟ ಮಾಡುವ ಹಾಗೂ ಇಲ್ಲ, ಗೋಡೆಗೆ ಫ್ರೇಮ್ ಹಾಕಿಸಬಹುದು ಅಷ್ಟೇ. ನನ್ನ ಸಹೋದ್ಯೋಗಿಯೂ 300 ಡಾಲರ್ ಕೊಟ್ಟು ಒಂದು ತೆಗೆದುಕೊಂಡಿದ್ದಾನೆ, "ನಾನು ಮಾಲೀಕ" ಅನ್ನುತ್ತಾನೆ. ಮೊದಲು ನಗುತ್ತಿದ್ದೆ. ಹಾಲಸ್ ಕಥೆ ಓದಿದ ಮೇಲೆ, "ನಿನ್ನ ಸ್ಟೇಡಿಯಂಗೆ ನಮ್ಮವನ ಸಹಿ ಇದೆ" ಅಂತ ಹೇಳುವುದು ಕಲಿತೆ.

ಇಬ್ಬರೂ ಸೀಸನ್ ಕಳೆದುಕೊಂಡ ವರ್ಷ ಲಯನ್ಸ್ ಅಭಿಮಾನಿಯನ್ನು ಮೇಜಿಗೆ ಕರೆಯಿರಿ. ಅವರು 2023ರಲ್ಲಿ ಡಿವಿಜನ್ ಗೆದ್ದಿದ್ದು 30 ವರ್ಷದ ಮೇಲೆ, ಮರುವರ್ಷ 15 ಗೆದ್ದು 2 ಸೋತರು. ಕಾದವನಿಗೆ ಮಾತಾಡಲು ಬಿಡಬೇಕು.

ಹೆಜ್ಜೆ 10: ಗಡಿಯಾರ ಸೊನ್ನೆ ಆಗುವವರೆಗೆ ಫೋನ್ ಮುಟ್ಟಬೇಡಿ

2025ರ ಜನವರಿ 5, ಭಾನುವಾರ, ಸೀಸನ್‌ನ ಕೊನೆ ಆಟ, ಲ್ಯಾಂಬೋ ಫೀಲ್ಡ್. ಬೇರ್ಸ್ ಆಗಲೇ 12 ಸೋತಾಗಿತ್ತು. ಪ್ಯಾಕರ್ಸ್ ಪ್ಲೇಆಫ್ ಸೇರಿಯಾಗಿತ್ತು. ಅವರ ವಿರುದ್ಧ ನಾವು ಸತತ 11 ಆಟ ಸೋತಿದ್ದೆವು, ಕೊನೆಯ ಗೆಲುವು 2018ರ ಡಿಸೆಂಬರ್‌ನಲ್ಲಿ. ಮೊದಲ ಕ್ವಾರ್ಟರ್‌ನಲ್ಲೇ ನಮ್ಮವರು ಒಂದು ಕಳ್ಳಾಟ ಆಡಿದರು. ಪ್ಯಾಕರ್ಸ್ ಚೆಂಡು ಬಿಟ್ಟುಕೊಡಲು ದೂರಕ್ಕೆ ಒದ್ದ ಪಂಟ್ ಬಂದಾಗ ನಮ್ಮವನೊಬ್ಬ ಚೆಂಡು ಹಿಡಿಯುವವನ ಹಾಗೆ ಒಂದು ಕಡೆ ನಟಿಸಿದ, ಇಡೀ ಪ್ಯಾಕರ್ಸ್ ಗುಂಪು ಅವನ ಹಿಂದೆ ಓಡಿತು. ಚೆಂಡು ಬಿದ್ದಿದ್ದು ಇನ್ನೊಂದು ಕಡೆ, ಹಿಡಿದವನು 94 ಯಾರ್ಡ್ ಒಬ್ಬನೇ ಓಡಿದ. 2011ರಲ್ಲಿ ಇದೇ ಪ್ಯಾಕರ್ಸ್ ಮೇಲೆ ಇದೇ ಆಟ ಆಡಿದಾಗ ಪೆನಾಲ್ಟಿ ಅಂತ ವಾಪಸ್ ತೆಗೆದಿದ್ದರು. ಈ ಸಲ ತೆಗೆಯಲಿಲ್ಲ.

ಕೊನೆ ನಿಮಿಷಕ್ಕೆ ಪ್ಯಾಕರ್ಸ್ 22–21 ಮುಂದೆ. ಮತ್ತೆ ಕೈರೊ ಸಾಂಟೋಸ್. ಮತ್ತೆ ಕೊನೆ ಕಿಕ್. ಈ ಸಲ 51 ಯಾರ್ಡ್.

ನಾನು ಎದ್ದು ಹೋಗಿ ಫೋನನ್ನು ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಇಟ್ಟು ಬಂದೆ. ಚೆಂಡು ಕಂಬಗಳ ನಡುವೆ ಹೋಯಿತು. 24–22. ಮಗಳು ಕುಣಿದಳು. ನಾನು ಕೂತೇ ಇದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ ಸದ್ದು. ಹೋಗಿ ನೋಡಿದರೆ ಅವನ ಮೆಸೇಜ್. "ಫೈನಲಿ!" ಕೆಳಗೆ ಇನ್ನೊಂದು ಸಾಲು: "ಅಂದಹಾಗೆ, ನೀವು 5–12."